ವೀಕೆಂಡ್‌ಗೆ ನಾಯೀನೂ ಬರ್ತಿದ್ಯಾ? ಬುಕ್ ಮಾಡೋ ಮುಂಚೆ ಈ ಎಪಿಸೋಡ್ ಕೇಳಿ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ ಇಲ್ಲಿದೆ. ಆಡುಮಾತನ್ನು ಹೆಚ್ಚು ತಿದ್ದದೆ ಉಳಿಸಿಕೊಂಡಿದ್ದೇವೆ.

ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಮೊಬೈಲ್ ಹಿಡಿದು ‘ಬೆಂಗಳೂರು ಹತ್ರ ಪೆಟ್ ಫ್ರೆಂಡ್ಲಿ ಸ್ಟೇ’ ಅಂತ ಹುಡುಕಿದರೆ ಏನು ಸಿಗುತ್ತೆ ಅಂತ ನಿಮಗೆ ಗೊತ್ತು. ಹಸಿರು ಲಾನ್, ನೀಲಿ ಪೂಲ್, ಪೂಲ್ ಪಕ್ಕ ಕೂಲಿಂಗ್ ಗ್ಲಾಸ್ ಹಾಕ್ಕೊಂಡಿರೋ ಒಂದು ಗೋಲ್ಡನ್ ರಿಟ್ರೀವರ್. ಕೆಳಗೆ ‘ನಿಮ್ಮ ನಾಯಿಗೂ ಸ್ವಾಗತ’ ಅಂತ ಒಂದು ಸಾಲು. ಉಳಿದ ಸಾಲುಗಳು ನೀವು ದುಡ್ಡು ಕಟ್ಟಿ, ಅಲ್ಲಿ ಹೋಗಿ ಬ್ಯಾಗ್ ಇಳಿಸಿದ ಮೇಲೆ ಒಂದೊಂದಾಗಿ ಹೊರಗೆ ಬರ್ತವೆ.

ನಮ್ಮನೆ ರಾಗಿಯಿಂದಲೇ ಶುರು ಮಾಡ್ತೀನಿ. ರಾಗಿ ನಮ್ಮ ನಾಯಿ. ಬೀದಿಯಿಂದ ಬಂದ ಇಂಡಿ, ಮೈಬಣ್ಣ ಹುರಿದ ರಾಗಿಹಿಟ್ಟಿನದು, ಅದಕ್ಕೇ ಆ ಹೆಸರು. ಎರಡು ವರ್ಷದ ಹಿಂದೆ ಒಂದು ಡಿಸೆಂಬರ್‌ನಲ್ಲಿ ಅವಳನ್ನ ದೊಡ್ಡಬಳ್ಳಾಪುರದ ಆಚೆ ಒಂದು ಫಾರ್ಮ್‌ಸ್ಟೇಗೆ ಕರ್ಕೊಂಡು ಹೋಗಿದ್ವಿ. ಜಾಗ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಅವರೆಕಾಳು ಸಾರು ಇನ್ನೂ ನೆನಪಿದೆ. ರಾತ್ರಿ ಒಂಬತ್ತಕ್ಕೆ ಅಲ್ಲಿ ನೋಡ್ಕೊಳ್ತಿದ್ದ ಹಿರಿಯರು ಬಂದು, ‘ನಾಯಿ ರೂಮೊಳಗೆ ಬಿಡಂಗಿಲ್ಲ, ಆ ಶೀಟಿನ ಕೆಳಗೆ ಕಟ್ಟಿಬಿಡಿ’ ಅಂದರು. ಸರಿ ಅಂತ ಹಗ್ಗ ಹಿಡಿದುಕೊಂಡು ಹೊರಟೆ. ಅವರೇ ಹಿಂದಿನಿಂದ ಮೆಲ್ಲಗೆ, ‘ಚಿರತೆ ಓಡಾಡ್ತದೆ, ಲೈಟ್ ಹಾಕಿರ್ತೀವಿ ಬಿಡಿ’ ಅಂದರು. ಆ ರಾತ್ರಿ ನಾನು, ರಾಗಿ ಇಬ್ಬರೂ ಕಾರಲ್ಲಿ ಮಲಗಿದ್ವಿ.

ಆ ಜಾಗದವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಪೆಟ್ ಫ್ರೆಂಡ್ಲಿ ಅಂದ್ರೆ ನಾಯಿ ಗೇಟಿನೊಳಗೆ ಬರಬಹುದು ಅಂತ. ಹೋಟೆಲಿನ ಸ್ಟಾರ್ ಥರ ಯಾರೋ ಬಂದು ಪರೀಕ್ಷೆ ಮಾಡಿ ಕೊಡೋ ದರ್ಜೆ ಅಲ್ಲ ಇದು. ಮಾಲೀಕರು ತಾವೇ ಹಾಕ್ಕೊಳ್ಳೋ ಬೋರ್ಡು. ನಾವು ಫೋಟೋ ನೋಡ್ತೀವಿ, ಲಾನ್ ಎಷ್ಟು ದೊಡ್ಡದು ಅಂತ ಕೇಳ್ತೀವಿ. ರಾತ್ರಿ ನಾಯಿ ಎಲ್ಲಿ ಮಲಗುತ್ತೆ, ಯಾವ ನೀರು ಕುಡಿಯುತ್ತೆ, ಕಾಂಪೌಂಡಿನ ಆಚೆ ಯಾರ ಜಮೀನಿದೆ ಅಂತ ಕೇಳಲ್ಲ. ಇವತ್ತಿನ ಎಪಿಸೋಡು ಆ ಮೂರು ಪ್ರಶ್ನೆ ಮೇಲೆ. ರಿಸಾರ್ಟ್‌ಗಳ ಪಟ್ಟಿ ನಾನು ಕೊಡ್ತಿಲ್ಲ. ಅವುಗಳ ನಿಯಮ ಸೀಸನ್‌ಗೊಂದು ಥರ ಬದಲಾಗುತ್ತೆ, ಪ್ರಶ್ನೆಗಳು ಬದಲಾಗಲ್ಲ.

ನಾವು ಮಾತಾಡ್ತಿರೋದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳ ಬಗ್ಗೆ. ಅಂದ್ರೆ ಬೆಂಗಳೂರು ಗ್ರಾಮಾಂತರ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಅಂತ ಹೆಸರಿಡೋ ತೀರ್ಮಾನ ಮಾಡ್ತು. ಹೆಸರು ಏನೇ ಇರಲಿ, ನಾಯಿಗೆ ಇದು ಗ್ರಾಮಾಂತರವೇ. ಹೊಲ ಇದೆ, ಕುರಿ ಇದೆ, ಕೆರೆ ಇದೆ, ಬೆಟ್ಟ ಇದೆ, ಊರಿಗೊಂದು ಹಿಂಡು ಊರನಾಯಿ ಇವೆ.

ಮೊದಲು ಎಲ್ಲಿಗೆ ಬೇಡ ಅಂತ ಹೇಳಿಬಿಡ್ತೀನಿ. ಎಲ್ಲರ ಬಾಯಲ್ಲಿ ಮೊದಲು ಬರೋದು ನಂದಿಬೆಟ್ಟ. ಅದು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆ, ಆದ್ರೆ ದಾರಿ ದೇವನಹಳ್ಳಿ ಮೇಲೆ. ಭಾನುವಾರ ಬೆಳಗ್ಗೆ ಅಲ್ಲಿ ಜನ, ಬೈಕು, ಕೋತಿ ಮೂರೂ ಒಂದೇ ಕಡೆ ಸೇರ್ತವೆ. ಕೋತಿ ಕಂಡ ನಾಯಿ ಸುಮ್ಮನಿರಲ್ಲ, ನಾಯಿ ಕಂಡ ಕೋತಿ ಹಿಂಡಂತೂ ಖಂಡಿತ ಸುಮ್ಮನಿರಲ್ಲ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲೂ ಅದೇ ಕಥೆ. ಮೇಲಾಗಿ ಅದು ಗಂಗಾಧರೇಶ್ವರನ ಬೆಟ್ಟ, ಜನ ಹರಕೆ ಹೊತ್ತು ಬರಿಗಾಲಲ್ಲಿ ಹತ್ತೋ ಮೆಟ್ಟಿಲು. ಅಲ್ಲಿ ನಮ್ಮ ನಾಯಿ ಕಾಲೆತ್ತಿದರೆ ಜಗಳ ಆಗುತ್ತೆ, ಆಗಲೂ ಬೇಕು. ಘಾಟಿ ಸುಬ್ರಹ್ಮಣ್ಯಕ್ಕೂ ಇದೇ ಮಾತು.

ಘಾಟಿ ಹತ್ತಿರದ ಮಾಕಳಿದುರ್ಗ ಟ್ರೆಕ್ಕಿಗರಿಗೆ ಇಷ್ಟ. ಆದ್ರೆ ಅದು ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕ್ ಮಾಡಿಕೊಂಡು ಹೋಗಬೇಕಾದ ಚಾರಣ. ಕಾಡಿಗೆ ನಾಯಿ ಯಾಕೆ ಬೇಡ ಅಂದ್ರೆ, ನಾಯಿ ಓಡಿಸುತ್ತೆ ಅನ್ನೋದು ಒಂದು ಕಾರಣ ಅಷ್ಟೇ. ಇನ್ನೊಂದು ರೋಗ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಹಲವುದರ ಮೈಯಲ್ಲಿ ಕ್ಯಾನೈನ್ ಡಿಸ್ಟೆಂಪರ್ ವೈರಸ್ ಸಿಕ್ತು. ಹೆಸರಲ್ಲೇ ಇದೆ ನೋಡಿ, ನಾಯಿಗಳ ಕಾಯಿಲೆ ಅದು.

ಇನ್ನು ಕಲ್ಲುಬೆಟ್ಟದ ಬಿಸಿ. ಬೆಂಗಳೂರಿನವರಿಗೆ ನಮ್ಮೂರು ತಂಪು ಅಂತ ಒಂದು ಹೆಮ್ಮೆ. ಹತ್ತೂವರೆ ಆದ ಮೇಲೆ ಬಂಡೆ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಸೆಕೆಂಡು ಎಣಿಸಿ. ನಿಮಗೆ ಆಗಲ್ಲ ಅಂದ್ರೆ ನಾಯಿ ಪಾದಕ್ಕೂ ಆಗಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ. ಏದುಸಿರು ಬಿಟ್ಟು ನಾಲಿಗೆ, ಗಂಟಲಿನ ತೇವ ಆರಿಸಿಕೊಂಡೇ ಮೈ ತಂಪು ಮಾಡ್ಕೋಬೇಕು. ಪಗ್, ಶಿಟ್ಜು, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವಕ್ಕೆ ಆ ದಾರಿಯೂ ಇಕ್ಕಟ್ಟು. 2003ರ ಹಚ್ ಜಾಹೀರಾತು ನೋಡಿ ದೇಶವೆಲ್ಲಾ ಪಗ್ ಸಾಕೋಕೆ ಹೊರಡ್ತು. ಹುಡುಗನ ಹಿಂದೆ ಎಲ್ಲಿಗೆ ಬೇಕಾದ್ರೂ ನಡೆಯೋ ಆ ನಾಯಿ, ನಿಜ ಹೇಳಬೇಕಂದ್ರೆ, ದೂರ ನಡೆಯೋಕೆ ತಕ್ಕ ಜಾತಿಯೇ ಅಲ್ಲ.

‘ಐದು ನಿಮಿಷ, ತಿಂಡಿ ತಿಂದು ಬರ್ತೀನಿ’ ಅಂತ ನಾಯೀನ ಕಾರಲ್ಲಿ ಬಿಡೋರಿಗೆ ಒಂದು ಲೆಕ್ಕ. ಹೊರಗೆ 24 ಡಿಗ್ರಿ ಇದ್ದಾಗ, ಅಂದ್ರೆ ನಾವು ‘ಆಹಾ ಏನ್ ಕ್ಲೈಮೇಟ್’ ಅನ್ನೋ ಬಿಸಿಲಲ್ಲಿ, ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಡಿಗ್ರಿ ಆಗುತ್ತೆ. ತಟ್ಟೆ ಇಡ್ಲಿ ಪಾರ್ಸೆಲ್ ತಗೊಳ್ಳಿ.

ಹಾಗಾದ್ರೆ ಎಲ್ಲಿಗೆ ಹೋಗೋದು? ನನ್ನ ಮಟ್ಟಿಗೆ ಈ ನಾಲ್ಕು ತಾಲ್ಲೂಕಲ್ಲಿ ನಾಯಿ ಜೊತೆ ಹೋಗೋಕೆ ಅತ್ಯಂತ ಒಳ್ಳೆ ಸಮಯ ನವೆಂಬರ್‌ನಿಂದ ಫೆಬ್ರವರಿ. ಬೆಳಗ್ಗೆ ಆರರಿಂದ ಒಂಬತ್ತು. ದೇವನಹಳ್ಳಿ ಕೋಟೆಯ ಹೊರಗೋಡೆ ಗುಂಟ ಒಂದು ಸುತ್ತು ಹಾಕಬಹುದು. 1501ರಲ್ಲಿ ಮಲ್ಲಬೈರೇಗೌಡ ಮಣ್ಣಲ್ಲಿ ಕಟ್ಟಿಸಿದ್ದು, ಆಮೇಲೆ ಹೈದರಾಲಿ ಕಾಲದಲ್ಲಿ ಕಲ್ಲಾಯ್ತು. ಅದರೊಳಗೆ ಇವತ್ತಿಗೂ ಜನ ಮನೆ ಮಾಡ್ಕೊಂಡಿದ್ದಾರೆ, ದನ ಕಟ್ಕೊಂಡಿದ್ದಾರೆ, ವೇಣುಗೋಪಾಲಸ್ವಾಮಿ ಗುಡಿ ಇದೆ. ಹಾಗಾಗಿ ನಾನು ಒಳಗೆ ಕರ್ಕೊಂಡು ಹೋಗಲ್ಲ. ಹೊರಗಿನ ಸುತ್ತೇ ಸಾಕು, ವಾಸನೆ ನೋಡೋಕೆ ರಾಗಿಗೆ ಅಲ್ಲಿ ಇಡೀ ಚರಿತ್ರೆನೇ ಇದೆ.

ಅಲ್ಲೇ ದೇವನಹಳ್ಳಿ ತಾಲ್ಲೂಕಲ್ಲಿ ನಲ್ಲೂರು ಹುಣಸೆ ತೋಪು ಇದೆ. ಎಷ್ಟೋ ಜನಕ್ಕೆ ಗೊತ್ತಿಲ್ಲ, ಏರ್‌ಪೋರ್ಟ್‌ಗೆ ಹೋಗ್ತಾ ಪಕ್ಕದಲ್ಲೇ ಹಾದುಹೋಗ್ತಾರೆ. ಸುಮಾರು 54 ಎಕರೆ, ಗಂಟುಗಂಟಾದ ಮುದಿ ಹುಣಸೆಮರಗಳು. 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪರಂಪರೆ ತಾಣ ಅಂತ ಘೋಷಣೆ ಆದದ್ದು ಇದೇ. ನೆರಳಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಹೋಗಿ, ಲೀಶ್ ಹಾಕ್ಕೊಂಡು ಹೋಗಿ, ನಾಯಿ ಮಾಡಿದ್ದನ್ನ ಎತ್ಕೊಂಡು ಬನ್ನಿ. ಆದ್ರೆ ಹುಣಸೆಹಣ್ಣು ಉದುರೋ ಕಾಲದಲ್ಲಿ ಬೇಡ. ಯಾಕೆ ಅಂತ ಹೇಳ್ತೀನಿ, ಅದಕ್ಕೆ ಮುಂಚೆ ದ್ರಾಕ್ಷಿ ವಿಷಯಕ್ಕೆ ಬರಬೇಕು.

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ‘ಬೆಂಗಳೂರು ನೀಲಿ’ ದ್ರಾಕ್ಷಿ ಬೆಳೀತಾರೆ. ಜಿಐ ಟ್ಯಾಗ್ ಸಿಕ್ಕಿರೋ, ಆ ಗಾಢ ವಾಸನೆಯ ಜ್ಯೂಸ್ ದ್ರಾಕ್ಷಿ. ಈ ಸೀಮೆಯಲ್ಲಿ ವೈನ್ ತೋಟಗಳೂ ಇವೆ, ಟೂರ್ ಇದೆ, ಇನ್‌ಸ್ಟಾಗ್ರಾಮ್‌ಗೆ ಹೇಳಿ ಮಾಡಿಸಿದ ಸಾಲುಸಾಲು ಬಳ್ಳಿ. ಆ ಚಪ್ಪರದ ಕೆಳಗೆ ಉದುರಿರೋ ದ್ರಾಕ್ಷಿ ನಾಯಿಗೆ ವಿಷ. ಇದು ಉತ್ಪ್ರೇಕ್ಷೆ ಅಲ್ಲ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಒಂದೆರಡು ದಿನದಲ್ಲಿ ಕೈಕೊಡಬಹುದು. ಒಂದು ನಾಯಿ ಬೊಗಸೆಗಟ್ಟಲೆ ತಿಂದು ಅರಗಿಸಿಕೊಳ್ಳುತ್ತೆ, ಇನ್ನೊಂದು ನಾಲ್ಕೈದು ತಿಂದು ಐಸಿಯುಗೆ ಹೋಗುತ್ತೆ. ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ.

ಯಾಕೆ ಹೀಗೆ ಅಂತ ಬಹಳ ಕಾಲ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಒಂದು ಸುಳಿವು ಕೊಟ್ಟರು. ದ್ರಾಕ್ಷಿಯಲ್ಲಿರೋ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು, ಆ ಆಮ್ಲದ ಪ್ರಮಾಣ ಹಣ್ಣಿಂದ ಹಣ್ಣಿಗೆ ಬದಲಾಗೋದ್ರಿಂದ ನಾಯಿಯಿಂದ ನಾಯಿಗೆ ಪರಿಣಾಮವೂ ಬದಲಾಗುತ್ತೆ ಅಂತ. ಈಗ ಹೇಳಿ, ಟಾರ್ಟಾರಿಕ್ ಆಮ್ಲ ತುಂಬಿರೋ ಇನ್ನೊಂದು ಹಣ್ಣು ಯಾವುದು? ನಮ್ಮ ಸಾರಿನ ಹುಣಸೆ. ಅದನ್ನ ತಿಂದ ನಾಯಿಗಳಿಗೂ ಅದೇ ಥರ ಕಿಡ್ನಿ ತೊಂದರೆ ಆದ ಪ್ರಕರಣಗಳಿವೆ. ಹಾಗಾಗಿ ಬೇಸಿಗೆ ಶುರುವಾಗಿ ಹುಣಸೆ ಬಡಿಯೋ ಹೊತ್ತಿಗೆ ನಲ್ಲೂರು ತೋಪನ್ನ ನೀವು ಮಾತ್ರ ನೋಡ್ಕೊಂಡು ಬನ್ನಿ. ಪಾಯಸದಲ್ಲಿರೋ ಒಣದ್ರಾಕ್ಷಿ, ಕೇಸರಿಬಾತಲ್ಲಿರೋದು ಎಲ್ಲಾ ಇದೇ ಲೆಕ್ಕ. ನಾಯಿ ತಿಂದಿದ್ದು ಕಣ್ಣಿಗೆ ಬಿದ್ದರೆ ಕಾಯಬೇಡಿ, ವಾಂತಿ ಆಗೋವರೆಗೆ ನೋಡೋಣ ಅನ್ನಬೇಡಿ. ಮೊದಲ ಒಂದೆರಡು ಗಂಟೆಯಲ್ಲಿ ಡಾಕ್ಟರ್ ಹತ್ರ ಹೋದ್ರೆ ವಾಂತಿ ಮಾಡಿಸಿ, ಡ್ರಿಪ್ ಹಾಕಿ ಉಳಿಸ್ತಾರೆ. ಮನೆಯಲ್ಲೇ ಉಪ್ಪುನೀರು ಕುಡಿಸೋ ಪ್ರಯೋಗ ಬೇಡ, ಉಪ್ಪೇ ಇನ್ನೊಂದು ವಿಷ ಆಗುತ್ತೆ.

ತೋಟ ಅಂದ ಮೇಲೆ ಔಷಧಿ ಹೊಡೆದೇ ಇರ್ತಾರೆ. ದ್ರಾಕ್ಷಿಗೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ, ಗುಲಾಬಿ ಪಾಲಿಹೌಸ್‌ಗಳಲ್ಲಿ ಕೀಟನಾಶಕ, ಕೋಳಿ ಫಾರಂ ಪಕ್ಕ ಇಲಿಪಾಷಾಣ. ಇದು ರೈತರ ತಪ್ಪಲ್ಲ, ಅದು ಅವರ ಕೆಲಸದ ಜಾಗ. ನಮ್ಮ ಅಡ್ವೆಂಚರ್ ಪಾರ್ಕ್ ಅಲ್ಲ. ಫಾರ್ಮ್‌ಸ್ಟೇ ಬುಕ್ ಮಾಡೋವಾಗ ‘ಈ ವಾರ ಏನಾದ್ರೂ ಸ್ಪ್ರೇ ಮಾಡಿದ್ದೀರಾ, ಇಲಿ ಔಷಧಿ ಎಲ್ಲಾದ್ರೂ ಇಟ್ಟಿದ್ದೀರಾ’ ಅಂತ ಕೇಳಿ. ನಕ್ಕರೆ ನಗಲಿ.

ಈಗ ನೀರು. ಕೆರೆ ಕಂಡ ತಕ್ಷಣ ಲ್ಯಾಬ್ರಡಾರ್‌ಗೆ ಜನ್ಮ ಸಾರ್ಥಕ. ಆದ್ರೆ ಈ ಜಿಲ್ಲೆಯ ಕೆರೆಗಳ ಕಥೆ ಕೇಳಿ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಅಂತ ಇದೆ. ಬೆಂಗಳೂರಿನ ಒಳಚರಂಡಿ ನೀರನ್ನ ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್‌ನಂತೆ ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸೋ ಯೋಜನೆ ಅದು. ಬೋರ್‌ವೆಲ್ ಬತ್ತಿದ್ದ ಊರುಗಳಿಗೆ ಅಂತರ್ಜಲ ಏರಿಸೋ ಉದ್ದೇಶ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಆ ಭಾಗದ ಹೋರಾಟಗಾರರು ಕೇಳ್ತಾನೇ ಇದ್ದಾರೆ. ದೇವನಹಳ್ಳಿ ಕಡೆ ಬೇಸಿಗೆಯಲ್ಲೂ ತುಂಬಿ ತುಳುಕೋ ಕೆರೆ ಕಂಡ್ರೆ, ಆ ನೀರು ಎಲ್ಲಿಂದ ಬಂತು ಅಂತ ಒಮ್ಮೆ ಯೋಚಿಸಿ.

ದೊಡ್ಡಬಳ್ಳಾಪುರದ ಹತ್ತಿರ ಇನ್ನೂ ಕೆಟ್ಟದಿದೆ. ನಗರದ ಕೊಳಚೆ ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಸೇರ್ತಿದೆ ಅಂತ ಅಲ್ಲಿನ ಜನ ವರ್ಷಗಳಿಂದ ಹೋರಾಟ ಮಾಡ್ತಿದ್ದಾರೆ. ತಮ್ಮ ದನ ಕುಡಿಯೋ ನೀರಿಗಾಗಿ ಆ ಊರಿನವರು ಬೀದಿಗಿಳಿದಿರೋವಾಗ, ನಾವು ಅಲ್ಲಿ ಹೋಗಿ ನಾಯಿ ಈಜಾಡಿಸಿ ರೀಲ್ಸ್ ಮಾಡೋದು ಒಂಥರಾ ಕಾಣುತ್ತೆ. ಕೊಳಚೆಯ ಮಾತು ಬಿಟ್ಟರೂ ಲೆಪ್ಟೊಸ್ಪೈರೋಸಿಸ್ ಅನ್ನೋದು ಇದ್ದೇ ಇದೆ. ಇಲಿ ಮೂತ್ರದಿಂದ ನೀರಿಗೆ, ನೀರಿಂದ ನಾಯಿಗೆ, ನಾಯಿಯಿಂದ ನಮಗೂ ಬರಬಹುದಾದ ಇಲಿಜ್ವರ. ವಾರ್ಷಿಕ ಲಸಿಕೆಯಲ್ಲಿ ‘ಎಲ್’ ಅಕ್ಷರ ಇದ್ಯಾ ಅಂತ ಕಾರ್ಡ್ ತೆಗೆದು ನೋಡಿ, ಅದೇ ಲೆಪ್ಟೊ. ನೀರು ಮನೆಯಿಂದಲೇ ತಗೊಂಡು ಹೋಗಿ, ಐದು ಲೀಟರ್ ಕ್ಯಾನು ಸಾಕು.

ಕೆರೆ ಏರಿ ಮೇಲೆ ನಡೆಯೋದು ಬೇರೆ ವಿಷಯ, ಅದು ಚೆಂದ. ಹೊಸಕೋಟೆ ದೊಡ್ಡಕೆರೆ ಏರಿ ಮೇಲೆ ಚಳಿಗಾಲದ ಬೆಳಗ್ಗೆ ಕ್ಯಾಮೆರಾ ಹಿಡಿದವರು ಸಾಲಾಗಿ ನಿಂತಿರ್ತಾರೆ, ವಲಸೆ ಹಕ್ಕಿಗೆ. ಲೀಶ್ ಬಿಚ್ಚಿದ ಒಂದು ನಾಯಿ ನೀರಂಚಿಗೆ ಓಡಿದ್ರೆ ಮುಗೀತು, ಸಾವಿರಾರು ಮೈಲಿ ಹಾರಿ ಬಂದ ಹಕ್ಕಿ ಮತ್ತೆ ಎದ್ದು ಹಾರಬೇಕು. ಜಿಲ್ಲೆಯ ಗಡಿಯಾಚೆ ಇರೋ ಹೆಸರಘಟ್ಟದ ಹುಲ್ಲುಗಾವಲಿಗೂ ನಾಯಿ ಕರ್ಕೊಂಡು ಹೋಗೋರು ಬಹಳ. ಬಟಾಬಯಲು, ಓಡ್ಲಿ ಬಿಡು ಅನ್ಸುತ್ತೆ. ಆದ್ರೆ ನೆಲಗುಬ್ಬಿ, ಪಿಪಿಳೀಕದಂಥವು ಮೊಟ್ಟೆ ಇಡೋದು ಆ ಹುಲ್ಲಿನ ಬುಡದಲ್ಲೇ, ನೆಲದ ಮೇಲೆ. ನಮ್ಮ ಕಣ್ಣಿಗೆ ಅದು ಖಾಲಿ ಜಾಗ.

ಈಗ ಆ ರಾತ್ರಿಗೆ ವಾಪಸ್ ಬರೋಣ. ಚಿರತೆ. ಇದು ಹೆದರಿಸೋ ಮಾತಲ್ಲ, ಲೆಕ್ಕದ ಮಾತು. ಮಹಾರಾಷ್ಟ್ರದಲ್ಲಿ ಆಗ ಅಹ್ಮದ್‌ನಗರ ಅಂತಿದ್ದ ಜಿಲ್ಲೆಯ ಅಕೋಲೆ ಅನ್ನೋ ಕಡೆ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಗಳು ಏನು ತಿಂತವೆ ಅಂತ ಅವುಗಳ ಮಲ ಆರಿಸಿ ಪರೀಕ್ಷಿಸಿದರು. ಅದು ಕಾಡಲ್ಲ, ಕಬ್ಬು ಬೆಳೆಯೋ ಊರುಗಳು, ನಮ್ಮ ಗ್ರಾಮಾಂತರದ ಹಾಗೇ. ತಿಂದ ತೂಕದಲ್ಲಿ 87% ಸಾಕುಪ್ರಾಣಿಗಳು. ಅದರಲ್ಲಿ ನಾಯಿ ಒಂದೇ 39%. ಆ ಊರುಗಳಲ್ಲಿ ನಾಯಿಗಿಂತ ಆಡುಗಳು ಎಷ್ಟೋ ಪಟ್ಟು ಹೆಚ್ಚು, ಆದ್ರೂ ಆಡಿನ ಪಾಲು 11% ಮಾತ್ರ. ಕಾರಣ ಊಹಿಸೋದು ಕಷ್ಟ ಅಲ್ಲ. ಆಡನ್ನ ಜನ ರಾತ್ರಿ ಕೊಟ್ಟಿಗೆಯಲ್ಲಿ ಕೂಡ್ತಾರೆ. ನಾಯಿ ಹೊರಗಿರುತ್ತೆ.

ನೆಲಮಂಗಲ, ದೊಡ್ಡಬಳ್ಳಾಪುರದ ಬೆಟ್ಟಸಾಲು, ನೀಲಗಿರಿ ತೋಪು, ಕ್ವಾರಿಗಳ ಸುತ್ತ ಚಿರತೆ ಇರೋದು ಊರವರಿಗೆಲ್ಲಾ ಗೊತ್ತು. 2024ರ ನವೆಂಬರ್‌ನಲ್ಲಿ ನೆಲಮಂಗಲ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿ ಮೇವು ತರೋಕೆ ಹೋಗಿದ್ದ ಮಹಿಳೆಯೊಬ್ಬರು ಚಿರತೆ ದಾಳಿಗೆ ಪ್ರಾಣ ಕಳ್ಕೊಂಡರು. ಅಂಥ ಊರಲ್ಲಿ ಬದುಕೋರಿಗೆ ಇದು ದಿನನಿತ್ಯದ ಭಯ. ವೀಕೆಂಡಿಗೆ ಬಂದ ನಾವು ನಾಯೀನ ಹಗ್ಗ ಹಾಕಿ ಹೊರಗೆ ಕಟ್ಟಿದರೆ, ಅದನ್ನ ಓಡೋಕೂ ಬಿಡದೆ ಚಿರತೆಗೆ ಬಡಿಸಿದ ಹಾಗೆ. ಜೊತೆಗೆ, ಆ ವಾಸನೆ ಹಿಡಿದು ಬಂದ ಚಿರತೆ ನಾವು ವಾಪಸ್ ಹೋದ ಮೇಲೂ ಆ ಊರಲ್ಲೇ ಇರುತ್ತೆ. ಅದಕ್ಕೇ ನನ್ನ ಮೊದಲ ಪ್ರಶ್ನೆ ಈಗ ಇದೊಂದೇ: ‘ರಾತ್ರಿ ನಾಯಿ ನಮ್ಮ ರೂಮಲ್ಲೇ ಮಲಗಬಹುದಾ?’ ಇಲ್ಲ ಅಂದ್ರೆ, ಬಾಡಿಗೆ ಎಷ್ಟೇ ಕಮ್ಮಿ ಇರ್ಲಿ, ಬೇಡ. ಹೊರಗೆ ಕೆನೆಲ್ ಇದೆ ಅಂದ್ರೆ ನಾಲ್ಕೂ ಕಡೆ ಮತ್ತು ಮೇಲೂ ಮುಚ್ಚಿದ್ಯಾ ಅಂತ ಕೇಳಿ. ಆರೂವರೆ ಆದ ಮೇಲೆ, ಬೆಳಕಾಗೋ ಮುಂಚೆ ಒಬ್ಬೊಬ್ಬರೇ ವಾಕ್ ಹೋಗಬೇಡಿ. ಸೂಸೂ ಮಾಡಿಸೋಕೆ ಹೋದ್ರೂ ಟಾರ್ಚು, ಗಿಡ್ಡ ಲೀಶು. ಹಾವಿಗೂ ಇದೇ ಔಷಧ. ಬದುವಿನ ಕಲ್ಲಿನ ಸಂದಿ, ಒಣಹುಲ್ಲಿನ ಮೆದೆ ಕಡೆ ಮೂಗು ತೂರಿಸೋಕೆ ಬಿಡಬೇಡಿ. ಮಂಡಲದ ಹಾವು ಅಲ್ಲಿಯದೇ.

ಮೂರನೇ ಪ್ರಶ್ನೆ, ಕಾಂಪೌಂಡಿನ ಆಚೆ ಯಾರಿದ್ದಾರೆ ಅನ್ನೋದು. ಮೊದಲು ಇರೋದು ಊರನಾಯಿಗಳು. ಅವುಗಳಿಗೆ ಓಣಿ ಗಡಿ ಸ್ಪಷ್ಟವಾಗಿ ಗೊತ್ತು, ನಿಮ್ಮ ಬೀಗಲ್‌ಗೆ ಗೊತ್ತಿಲ್ಲ. ನಾಲ್ಕು ನಾಯಿ ಸುತ್ತುವರಿದಾಗ ನಮ್ಮದನ್ನ ಎತ್ಕೊಂಡು ಓಡೋದು ಎಲ್ಲರೂ ಮಾಡೋ ತಪ್ಪು. ಆಗ ಅವು ನಿಮ್ಮ ಮೇಲೇ ಎಗರ್ತವೆ. ನಿಂತು, ನಾಯೀನ ಹಿಂದಕ್ಕೆ ಹಾಕ್ಕೊಂಡು, ನಿಧಾನಕ್ಕೆ ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಿರುಗಿ. ಕಚ್ಚಿದರೆ, ಮನುಷ್ಯರಿಗಾದ್ರೆ, ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ನಿಮ್ಮ ನಾಯಿಗೆ ಕಚ್ಚಿದರೆ, ವರ್ಷದ ಲಸಿಕೆ ಆಗಿದ್ರೂ ಡಾಕ್ಟರ್‌ಗೆ ತೋರಿಸಿ. ಮತ್ತೆ ಡೋಸ್ ಕೊಡಬೇಕಾಗುತ್ತೆ.

ಆಮೇಲೆ ಕುರಿ. ಕೊಯ್ಲಾದ ರಾಗಿ ಹೊಲದಲ್ಲಿ ಕುರಿಮಂದೆ ಬಿಟ್ಟಿರ್ತಾರೆ. ಬೆದರಿದ ಕುರಿ ಒಂದರ ಮೇಲೊಂದು ಬಿದ್ದು ಸಾಯ್ತವೆ, ಗಬ್ಬದ ಕುರಿ ಕಂದು ಹಾಕುತ್ತೆ. ನಿಮ್ಮ ನಾಯಿ ಕಚ್ಚಬೇಕಂತಲೇ ಇಲ್ಲ, ಆಟಕ್ಕೆ ಅಟ್ಟಿಸ್ಕೊಂಡು ಹೋದ್ರೂ ಸಾಕು. ಮುಧೋಳ ನಾಯಿ ಸಾಕಿರೋರಿಗೆ ಇದು ವಿಶೇಷ ಎಚ್ಚರಿಕೆ. 2005ರಲ್ಲಿ ಅಂಚೆಚೀಟಿ ಮೇಲೆ ಬಂದ, 2016ರಲ್ಲಿ ಸೇನೆ ತರಬೇತಿಗೆ ತಗೊಂಡ ನಮ್ಮ ಕನ್ನಡನಾಡಿನ ಹೆಮ್ಮೆಯ ತಳಿ ಅದು, ಒಪ್ಪಿದೆ. ಆದ್ರೆ ಅದನ್ನ ತಲೆಮಾರುಗಳಿಂದ ಬೆಳೆಸಿರೋದೇ ದೂರದಲ್ಲಿ ಓಡೋದನ್ನ ಕಂಡ ತಕ್ಷಣ ಹಿಂದೆ ಬೀಳೋಕೆ. ಬಯಲಲ್ಲಿ ಲೀಶ್ ಬಿಚ್ಚಿದ ಮೇಲೆ ನೀವು ‘ಬಾ’ ಅನ್ನೋದು ಅದರ ಕಿವಿಗೆ ಬೀಳೋ ಹೊತ್ತಿಗೆ ಅದು ಪಕ್ಕದ ಊರಲ್ಲಿರುತ್ತೆ. ಹೊಲ ಖಾಲಿ ಕಂಡ್ರೂ ಯಾರದ್ದೋ ಹೊಲವೇ. ಬದುವಲ್ಲಿ ಕೂತ ಅಜ್ಜಿಗೆ ‘ಇಲ್ಲಿ ಓಡಾಡಬಹುದಾ ಅಮ್ಮಾ’ ಅಂತ ಒಂದು ಮಾತು ಕೇಳಿ. ನನಗೆ ಇದುವರೆಗೆ ಯಾರೂ ಇಲ್ಲ ಅಂದಿಲ್ಲ. ಒಬ್ಬರು ಅವರೇಕಾಯಿ ಕೂಡ ಕೊಟ್ಟು ಕಳಿಸಿದ್ರು.

ಹೋಗೋದು ಹೇಗೆ? ಕಾರಿಲ್ಲದವರು ಬಹಳ ಜನ ಕೇಳ್ತಾರೆ. ನಮ್ಮ ಮೆಟ್ರೋದಲ್ಲಿ ನಾಯಿಗೆ ಪ್ರವೇಶ ಇಲ್ಲ, ಮಾದಾವರದವರೆಗೆ ರೈಲು ಬಂದಿದ್ರೂ ನೆಲಮಂಗಲದ ದಾರಿ ನಿಮ್ಮ ನಾಯಿಗೆ ಹತ್ತಿರ ಆಗಿಲ್ಲ. ಕೆಎಸ್‌ಆರ್‌ಟಿಸಿ ಮಾತ್ರ ಬಿಡುತ್ತೆ. ಮೊದಲು ನಾಯಿಗೆ ದೊಡ್ಡವರ ಫುಲ್ ಟಿಕೆಟ್ ಇತ್ತು, 2022ರಲ್ಲಿ ಅರ್ಧ ಮಾಡಿದ್ರು. ಅದೂ ಸಾಮಾನ್ಯ ಬಸ್ಸಲ್ಲಿ. ರಾಜಹಂಸ, ಐರಾವತ ಹತ್ತೋ ಹಾಗಿಲ್ಲ. ನಗಬೇಡಿ, 2024ರಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಅಜ್ಜಿ-ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಫ್ರೀ ಟಿಕೆಟ್, ಅವರ ಜೊತೆಗಿದ್ದ ನಾಲ್ಕು ಲವ್‌ಬರ್ಡ್‌ಗೆ 444 ರೂಪಾಯಿ ಟಿಕೆಟ್ ಹರಿದಿದ್ರು ಕಂಡಕ್ಟರು. ಹೆಣ್ಣು ನಾಯಿಗೆ ಶಕ್ತಿ ಯೋಜನೆ ಅನ್ವಯಿಸುತ್ತಾ ಅಂತ ಕೇಳಬೇಡಿ. ಕ್ಯಾಬ್ ಆದ್ರೆ 2024ರಲ್ಲಿ ಶುರುವಾದ ಊಬರ್ ಪೆಟ್ ಇದೆ. ಹೋಗೋದಕ್ಕೆ ಸಿಗುತ್ತೆ, ಹಳ್ಳಿಯಿಂದ ವಾಪಸ್ ಬರೋ ಗಾಡಿಗೆ ಮುಂಚೆನೇ ಮಾತಾಡಿಕೊಂಡಿರಿ.

ಕೊನೆಯದು ಮನೆಗೆ ಬಂದ ಮೇಲಿನ ಕಥೆ, ಇದನ್ನ ಯಾರೂ ಹೇಳಲ್ಲ. ಆ ಫಾರ್ಮ್‌ಸ್ಟೇಯಿಂದ ಬಂದ ದಿನ ರಾಗಿ ಚೆನ್ನಾಗೇ ಇದ್ಲು. ಹದಿಮೂರನೇ ದಿನ ಊಟ ಬಿಟ್ಟಳು. ಚಳಿಗೆ ಇರಬೇಕು ಅಂದ್ಕೊಂಡ್ವಿ. ಹದಿನೈದನೇ ದಿನ ಮೂಗಲ್ಲಿ ಒಂದು ಹನಿ ರಕ್ತ. ಡಾಕ್ಟರ್ ಮೊದಲು ತುಟಿ ಎತ್ತಿ ಒಸಡು ನೋಡಿದ್ರು, ಗುಲಾಬಿ ಇರಬೇಕಾದದ್ದು ಬಿಳಿಚಿಕೊಂಡಿತ್ತು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು. ಉಣ್ಣೆಜ್ವರ, ಅಂದ್ರೆ ಟಿಕ್ ಫೀವರ್. ‘ಎರಡು ವಾರದ ಹಿಂದೆ ಎಲ್ಲಾದ್ರೂ ಹೋಗಿದ್ರಾ?’ ಅಂತ ಕೇಳಿದ್ರು.

ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾವನ್ನ ನಾಯಿ ಉಣ್ಣೆ ಕಚ್ಚಿ ಹರಡುತ್ತೆ, ಲಕ್ಷಣ ಕಾಣೋಕೆ ಒಂದರಿಂದ ಮೂರು ವಾರ ಬೇಕು. ಅಷ್ಟೊತ್ತಿಗೆ ನಾವು ಟ್ರಿಪ್ಪನ್ನೇ ಮರೆತಿರ್ತೀವಿ. ಅದಕ್ಕೇ ನಾಯಿ ಯಾಕೋ ಮಂಕಾಗಿದೆ ಅಂತ ಒಂದು ವಾರ ಕಳೀತೀವಿ. ಬೇಬೀಸಿಯಾ ಅನ್ನೋ ಇನ್ನೊಂದಿದೆ, ಅದರಲ್ಲಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತೆ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಮಾತ್ರೆ, ಸುಮಾರು 28 ದಿನ, ತಪ್ಪದೆ. ರಾಗಿ ಮೂರನೇ ದಿನಕ್ಕೇ ಬಾಲ ಅಲ್ಲಾಡಿಸಿದ್ಲು, ಆದ್ರೂ ಮಾತ್ರೆ ನಿಲ್ಲಿಸಲಿಲ್ಲ. ಈಗ ನಮ್ಮ ಪದ್ಧತಿ ಹೀಗೆ: ಟ್ರಿಪ್‌ಗೆ ಮುಂಚೆನೇ ಡಾಕ್ಟರ್ ಹತ್ರ ಉಣ್ಣೆಗೆ ಮಾತ್ರೆನೋ ಸ್ಪಾಟ್-ಆನ್ ಔಷಧಿನೋ ಹಾಕಿಸ್ತೀವಿ. ವಾಪಸ್ ಬಂದ ತಕ್ಷಣ ಮನೆಯೊಳಗೆ ಬಿಡೋ ಮುಂಚೆ ಕಿವಿಯೊಳಗೆ, ಕುತ್ತಿಗೆ ಪಟ್ಟಿ ಕೆಳಗೆ, ಬೆರಳ ಸಂದಿ, ಬಾಲದ ಬುಡ ತಡವಿ ನೋಡ್ತೀವಿ. ಸಿಕ್ಕಿದ್ದನ್ನ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೀತೀವಿ. ಬೆರಳಲ್ಲಿ ಹಿಸುಕಲ್ಲ, ಸೀಮೆಎಣ್ಣೆ ಹಾಕಲ್ಲ. ಆಮೇಲೆ ಫೋನ್ ಕ್ಯಾಲೆಂಡರ್‌ನಲ್ಲಿ ಮೂರು ವಾರ ಮುಂದಕ್ಕೆ ಒಂದು ರಿಮೈಂಡರ್: ‘ರಾಗಿ ಊಟ ಮಾಡ್ತಿದ್ದಾಳಾ?’

ಫೋನ್ ಕೈಯಲ್ಲಿರೋವಾಗಲೇ ಇನ್ನೊಂದು ಮಾಡಿಟ್ಕೊಳ್ಳಿ. ಹೊರಡೋ ಮುಂಚೆ ಆ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆ ಎಲ್ಲಿದೆ ಅಂತ ಮ್ಯಾಪಲ್ಲಿ ಸೇವ್ ಮಾಡಿ. ರಾತ್ರಿ ಹೊತ್ತು ಯಾರು ಸಿಗ್ತಾರೆ ಅಂತ ಸ್ಟೇಯವರನ್ನೇ ಕೇಳಿ, ಊರಲ್ಲಿ ದನಕ್ಕೆ ಬರೋ ಡಾಕ್ಟರ್ ನಂಬರ್ ಅವರ ಹತ್ರ ಇರುತ್ತೆ. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯಿಂದ ವಾಪಸ್ ಬರೋರಿಗೆ ದಾರಿಯಲ್ಲೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಲಸಿಕೆ ಕಾರ್ಡಿನ ಫೋಟೋ ಫೋನಲ್ಲಿರಲಿ, ಕುತ್ತಿಗೆ ಪಟ್ಟಿ ಮೇಲೆ ನಿಮ್ಮ ನಂಬರ್ ಇರಲಿ. ಹಳ್ಳಿಯಲ್ಲಿ ಕಳೆದುಹೋದ ನಾಯಿ ಸಿಗೋದು ಇನ್‌ಸ್ಟಾಗ್ರಾಮ್ ಸ್ಟೋರಿಯಿಂದಲ್ಲ. ಹಾಲಿನ ಡೇರಿ ಹತ್ರ ಬೆಳಗ್ಗೆ ಕ್ಯಾನ್ ಹಿಡಿದು ನಿಂತಿರೋರಿಗೆ ಹೇಳಿದ್ರೆ ಮಧ್ಯಾಹ್ನದೊಳಗೆ ಸುದ್ದಿ ಬರುತ್ತೆ.

ರಾಗಿ ಈಗ ನಾನು ಮಾತಾಡ್ತಿರೋ ಟೇಬಲ್ ಕೆಳಗೇ ಮಲಗಿದ್ದಾಳೆ, ರೆಕಾರ್ಡಿಂಗ್‌ನಲ್ಲಿ ಗೊರಕೆ ಕೇಳಿಸಿದ್ರೆ ಅದು ಅವಳದ್ದೇ. ನೀವು ನಾಯಿ ಜೊತೆ ಹೋದ ಜಾಗದಲ್ಲಿ ಈ ಮೂರು ಪ್ರಶ್ನೆ ಕೇಳಿದಾಗ ಏನು ಉತ್ತರ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.